ಅಕ್ಕ ಬಾಯಿಬಿಟ್ಟು ಹೇಳುತ್ತಿಲ್ಲ, ನಾನು ಸುಮ್ಮನಿರಲಾರೆ: ಹೇಗೆ ನೆರವಾಗಬೇಕು?

ಪ್ರಶ್ನೆ: ಕಿರಿಯ ತಂಗಿ

ನಮಸ್ಕಾರ. ನನ್ನ ಅಕ್ಕನ ಸಂಸಾರದಲ್ಲಿ ನಡೆಯುತ್ತಿರುವುದನ್ನು ಏನೆಂದು ತಿಳಿಯಬೇಕು, ಅದರಲ್ಲಿ ನಾನು ಎಷ್ಟರ ಮಟ್ಟಿಗೆ ಕೈಹಾಕಬಹುದು ಎಂಬುದು ತೋಚದೆ ಇಲ್ಲಿ ಬರೆಯುತ್ತಿದ್ದೇನೆ.

ಭಾವ ಹೊರಗಿನವರ ಕಣ್ಣಿಗೆ ಮೃದುಭಾಷಿ. ನೆರೆಯವರಿಗೆ ಕಷ್ಟವೆಂದರೆ ಮೊದಲು ಓಡಿಬರುವವರು ಅವರೇ. ಮದುವೆಯಾದ ಹೊಸದರಲ್ಲಿ ಅವರು ಅಕ್ಕನನ್ನು ಗಳಿಗೆಗೊಮ್ಮೆ ವಿಚಾರಿಸಿಕೊಳ್ಳುತ್ತಿದ್ದುದನ್ನು ನಾವೆಲ್ಲರೂ ಪ್ರೀತಿಯೆಂದೇ ತಿಳಿದಿದ್ದೆವು. ಈಗ ಅಕ್ಕನ ಸಂಬಳ ನೇರವಾಗಿ ಅವರ ಖಾತೆಗೆ ಹೋಗುತ್ತದೆ, ಎಟಿಎಂ ಕಾರ್ಡ್ ಅವರ ಬಳಿಯೇ ಇರುತ್ತದೆ, ಅವಳು ಕೊಂಡ ಪ್ರತಿಯೊಂದು ವಸ್ತುವಿನ ರಸೀದಿಯ ಫೋಟೊ ತೆಗೆದು ಅವರಿಗೆ ಕಳುಹಿಸಬೇಕು. ನಾನು ಕರೆ ಮಾಡಿದರೆ ಫೋನ್ ಸ್ಪೀಕರ್‌ನಲ್ಲಿರುತ್ತದೆ. ಅದನ್ನು ಅವಳು ಹೇಳುವುದಿಲ್ಲ; ಆಗ ಅವಳ ಮಾತು "ಹೌದು", "ಇಲ್ಲ", "ಎಲ್ಲ ಚೆನ್ನಾಗಿದೆ" ಎಂಬಷ್ಟಕ್ಕೇ ನಿಂತುಬಿಡುವುದರಿಂದ ನನಗೆ ಗೊತ್ತಾಗುತ್ತದೆ.

ಕಳೆದ ವಾರ ಭೇಟಿಯಾದಾಗ ಅಷ್ಟು ಸೆಕೆಯಿದ್ದರೂ ಅವಳು ಕತ್ತಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಧ್ವನಿ ಒಡೆದಿತ್ತು, ಶೀತ ಎಂದಳು. ಇಬ್ಬರೇ ಉಳಿದಾಗ ಮತ್ತೆ ಕೇಳಿದ್ದಕ್ಕೆ, "ಒಂದು ಸಲ ಕತ್ತು ಹಿಸುಕಿದರು, ಕೂಡಲೇ ಬಿಟ್ಟರು. ಆಮೇಲೆ ನನಗಿಂತ ಹೆಚ್ಚು ಅವರೇ ಅತ್ತರು. ಇದನ್ನು ದೊಡ್ಡದು ಮಾಡಬೇಡ" ಎಂದಳು. ಅಮ್ಮನ ಕಿವಿಗೆ ಸೂಕ್ಷ್ಮವಾಗಿ ಹಾಕಿದೆ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಮಗುವಿನ ಮುಖ ನೋಡಿ ಹೊಂದಿಕೊಂಡು ಹೋಗಲಿ" ಎಂದರು. ಅಣ್ಣನಿಗೆ ತಿಳಿದರೆ ಅವನು ನೆಟ್ಟಗೆ ಹೋಗಿ ಭಾವನ ಕೊರಳಪಟ್ಟಿ ಹಿಡಿಯುವುದು ಖಂಡಿತ.

ಒಂದೇ ಒಂದು ಸಲ ಕೈಮಾಡಿದ್ದನ್ನು ಕೌಟುಂಬಿಕ ದೌರ್ಜನ್ಯ ಎನ್ನಬಹುದೇ? ಓದಿದವಳು, ದುಡಿಯುವವಳು, ಅವಳೇಕೆ ಹೊರಗೆ ಬರುತ್ತಿಲ್ಲ? ನಾನು ಭಾವನ ಜೊತೆ ಮಾತನಾಡಲೇ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ತುರ್ತು ಚಿಕಿತ್ಸಾ ವಿಭಾಗದ ವೈದ್ಯ

ಉಳಿದ ಪ್ರಶ್ನೆಗಳಿಗೆ ಬೇರೆಯವರು ಉತ್ತರಿಸಬಹುದು. ನಾನು ಕತ್ತಿನ ವಿಷಯವೊಂದನ್ನೇ ಹೇಳುತ್ತೇನೆ, ಏಕೆಂದರೆ ಅದು ನಾಳೆಗೆ ತಳ್ಳುವ ವಿಷಯವಲ್ಲ.

ಧ್ವನಿ ಒಡೆದಿರುವುದಕ್ಕೆ ಶೀತವೇ ಕಾರಣವಾಗಿರಬೇಕೆಂದಿಲ್ಲ. ಕತ್ತು ಹಿಸುಕಿದಾಗ ಧ್ವನಿಪೆಟ್ಟಿಗೆಗೆ ಪೆಟ್ಟಾಗಿದ್ದರೂ ಹಾಗಾಗುತ್ತದೆ. ಕತ್ತಿನ ಎರಡೂ ಬದಿಯ ರಕ್ತನಾಳಗಳು ಅದುಮಿದರೆ ಮಿದುಳಿಗೆ ಹೋಗುವ ರಕ್ತ ನಿಂತು ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಪ್ರಜ್ಞೆ ತಪ್ಪಬಹುದು, ಇನ್ನು ಕೆಲವು ನಿಮಿಷಗಳಲ್ಲಿ ಜೀವವೇ ಹೋಗಬಹುದು. ಬದುಕಿ ಉಳಿದವರಲ್ಲಿಯೂ ರಕ್ತನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಕೆಲವು ದಿನಗಳ ನಂತರ ಪಾರ್ಶ್ವವಾಯು ಬಡಿದ ಉದಾಹರಣೆಗಳಿವೆ. ಹೊರಗೆ ಗುರುತು ಇಲ್ಲವೆಂಬ ಕಾರಣಕ್ಕೆ ಯಾರೂ ಸಮಾಧಾನಪಡಬಾರದು. ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ಕತ್ತು ಹಿಸುಕಿದ 300 ಪೊಲೀಸ್ ಪ್ರಕರಣಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಿಸುಮಾರು ಅರ್ಧದಷ್ಟು ಮಂದಿಯ ಮೈಮೇಲೆ ಕಣ್ಣಿಗೆ ಕಾಣುವ ಗಾಯವೇ ಇರಲಿಲ್ಲ.

ಆದ್ದರಿಂದ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲು ಪ್ರಯತ್ನಿಸಿ. ನುಂಗಲು ಕಷ್ಟವಾಗುತ್ತಿದೆಯೇ, ಉಸಿರಾಟದಲ್ಲಿ ತೊಂದರೆಯಿದೆಯೇ, ಕಣ್ಣಿನ ಬಿಳಿಯಲ್ಲಿ ಅಥವಾ ರೆಪ್ಪೆಗಳಲ್ಲಿ ಕೆಂಪು ಚುಕ್ಕೆಗಳಿವೆಯೇ, ತಲೆನೋವು, ತಲೆಸುತ್ತು, ದೃಷ್ಟಿ ಮಸುಕಾಗುವುದು, ಕೈಕಾಲಿನಲ್ಲಿ ಶಕ್ತಿ ಕುಂದುವುದು ಇತ್ಯಾದಿ ಇವೆಯೇ ಎಂದು ಕೇಳಿ. ಇವುಗಳಲ್ಲಿ ಯಾವುದೊಂದು ಇದ್ದರೂ ತಡಮಾಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬನ್ನಿ. "ಆ ಹೊತ್ತಿನಲ್ಲಿ ಏನಾಯಿತೆಂಬುದೇ ನೆನಪಿಲ್ಲ" ಎಂದರೆ, ಅಥವಾ ಬಟ್ಟೆಯಲ್ಲೇ ಮೂತ್ರವಾಗಿತ್ತು ಎಂದರೆ, ಅವಳು ಪ್ರಜ್ಞೆ ತಪ್ಪಿದ್ದಳೆಂದೇ ಭಾವಿಸಬೇಕು. ಕೂಡಲೇ ಬಿಟ್ಟರು ಎಂಬ ಅವಳ ಮಾತನ್ನು ನಾನು ಅನುಮಾನಿಸುತ್ತಿಲ್ಲ, ಆದರೆ ಮಿದುಳಿಗೆ ರಕ್ತ ನಿಂತ ಹೊತ್ತಿನಲ್ಲಿ ಕಾಲದ ಅಂದಾಜು ಉಳಿಯುವುದಿಲ್ಲ. ವೈದ್ಯರಿಗೆ "ಕತ್ತು ನೋವು" ಎಂದಷ್ಟೇ ಹೇಳದೆ "ಕತ್ತು ಹಿಸುಕಲಾಗಿದೆ" ಎಂದು ಸ್ಪಷ್ಟವಾಗಿ ಹೇಳಿ, ಏಕೆಂದರೆ ಕತ್ತಿನ ರಕ್ತನಾಳಗಳ ಸಿಟಿ ಸ್ಕ್ಯಾನ್ ಬೇಕೇ ಎಂಬ ನಿರ್ಧಾರ ಆ ಮಾತಿನ ಮೇಲೆ ನಿಂತಿರುತ್ತದೆ. ಇಂತಹ ಪ್ರಕರಣಗಳನ್ನು ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕೇ ಎಂಬ ನಿಯಮ ಎಲ್ಲ ಕಡೆಯೂ ಒಂದೇ ರೀತಿ ಇಲ್ಲ. ಅಕ್ಕನಿಗೆ ಆ ಬಗ್ಗೆ ಭಯವಿದ್ದರೆ ಮೊದಲೇ ವಿಚಾರಿಸಿಕೊಳ್ಳಿ.

ಇನ್ನೊಂದು ಮಾತನ್ನು ಮುಚ್ಚಿಡಲಾರೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಸಂಗಾತಿಯಿಂದ ಹಿಂದೆ ಕತ್ತು ಹಿಸುಕಿಸಿಕೊಂಡ ಮಹಿಳೆ ಮುಂದೆ ಅದೇ ಸಂಗಾತಿಯ ಕೈಯಲ್ಲಿ ಕೊಲೆಯಾಗುವ ಸಾಧ್ಯತೆ ಇತರ ಹಿಂಸೆಗೊಳಗಾದವರಿಗಿಂತ ಏಳು ಪಟ್ಟು ಹೆಚ್ಚಿತ್ತು. "ಒಂದೇ ಸಲ" ಎಂಬ ಮಾತಿಗೆ ಈ ಒಂದು ಕೃತ್ಯದ ಮಟ್ಟಿಗೆ ಯಾವ ಬೆಲೆಯೂ ಇಲ್ಲ.

ಉತ್ತರ 2: ಆಪ್ತಸಮಾಲೋಚಕಿ

ವೈದ್ಯರು ಬರೆದಿರುವುದನ್ನು ಮೊದಲು ಮಾಡಿ. ಉಳಿದದ್ದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ನಡೆಯುತ್ತಿರುವುದು ಏನೆಂದು ಅರ್ಥವಾಗದೆ ನೆರವಿಗೆ ಧಾವಿಸಿದರೆ ಆ ನೆರವೇ ಅವಳಿಗೆ ತೊಡಕಾಗಬಹುದು.

ಸಂಬಳ, ರಸೀದಿ, ಸ್ಪೀಕರ್ ಮತ್ತು ಕತ್ತು, ಈ ನಾಲ್ಕನ್ನೂ ನೀವು ಬೇರೆ ಬೇರೆ ಸಂಗತಿಗಳಂತೆ ಬರೆದಿದ್ದೀರಿ. ಅವು ಒಂದೇ ಹಗ್ಗದ ಎಳೆಗಳು. ಕೈಮಾಡಿದ್ದು ಒಂದು ಸಲವೇ ಇರಬಹುದು, ಆದರೆ ಅವಳು ಯಾರೊಡನೆ ಏನು ಮಾತನಾಡಬೇಕು, ತನ್ನ ದುಡಿಮೆಯ ಹಣದಲ್ಲಿ ಏನು ಕೊಳ್ಳಬೇಕು ಎಂಬುದನ್ನು ಇನ್ನೊಬ್ಬರು ನಿರ್ಧರಿಸುವುದು ಪ್ರತಿದಿನವೂ ನಡೆಯುತ್ತಿದೆ. ಆ ಒಂದು ಸಲದ ನೆನಪೇ ಉಳಿದ ದಿನಗಳಲ್ಲಿ ಅವಳನ್ನು ಮಾತು ಕೇಳುವಂತೆ ಮಾಡುತ್ತದೆ. ಅಮೆರಿಕದ ಡುಲುತ್ ನಗರದಲ್ಲಿ 1984ರಲ್ಲಿ, ಹಿಂಸೆ ಅನುಭವಿಸಿದ ಮಹಿಳೆಯರ ಮಾತುಗಳನ್ನೇ ಆಧರಿಸಿ ಒಂದು ಚಕ್ರದ ಚಿತ್ರವನ್ನು ರೂಪಿಸಿದರು. ಅದರ ನಡುವೆ ಇರುವುದು ಅಧಿಕಾರ ಮತ್ತು ನಿಯಂತ್ರಣ. ಅರಗಳಂತೆ ಇರುವುದು ಬೆದರಿಕೆ, ಅವಮಾನ, ಒಂಟಿಯಾಗಿಸುವುದು, ಹಣದ ಹಿಡಿತ, ಮಕ್ಕಳನ್ನು ಗುರಾಣಿಯಾಗಿ ಬಳಸುವುದು, ನಡೆದದ್ದನ್ನು ಹಗುರಗೊಳಿಸಿ ತಪ್ಪನ್ನು ಅವಳ ಮೇಲೆಯೇ ಹೊರಿಸುವುದು ಮೊದಲಾದವು. ದೈಹಿಕ ಮತ್ತು ಲೈಂಗಿಕ ಹಿಂಸೆಯನ್ನು ಹೊರವರ್ತುಲದಲ್ಲಿಟ್ಟಿದ್ದಾರೆ. ನಾನು ಈ ಚಿತ್ರವನ್ನು ಮುಂದಿಟ್ಟಾಗ ಮಾತೇ ಆಡದೆ ಕುಳಿತಿದ್ದವರು ಒಂದೊಂದೇ ಅರದ ಮೇಲೆ ಬೆರಳಿಟ್ಟು, ಹೊರವರ್ತುಲಕ್ಕೆ ಬಂದಾಗ ಕೈ ಹಿಂತೆಗೆದುಕೊಂಡದ್ದನ್ನು ಕಂಡಿದ್ದೇನೆ.

ಕಾನೂನುಗಳೂ ನಿಧಾನವಾಗಿ ಈ ದಿಕ್ಕಿಗೇ ಬಂದಿವೆ. ಭಾರತದ 2005ರ ಕಾಯ್ದೆ ಭಾವನಾತ್ಮಕ ಮತ್ತು ಆರ್ಥಿಕ ದೌರ್ಜನ್ಯವನ್ನು ದೈಹಿಕ ಹಿಂಸೆಯ ಸಾಲಿನಲ್ಲೇ ಸೇರಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾಯ್ದೆಯ ಮೂಲಕ, ಸಂಗಾತಿಯನ್ನು ನಿರಂತರವಾಗಿ ಬಲವಂತದ ಹಿಡಿತದಲ್ಲಿಟ್ಟುಕೊಳ್ಳುವುದು ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವಾಯಿತು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೌದು, ಇದು ಕೌಟುಂಬಿಕ ದೌರ್ಜನ್ಯವೇ.

ಅವಳು ಒಬ್ಬಳೇ ಅಲ್ಲ ಎಂಬುದೂ ನಿಮಗೆ ತಿಳಿದಿರಲಿ. ಜೀವಿತದಲ್ಲಿ ಒಮ್ಮೆಯಾದರೂ ಸಂಗಾತಿಯ ದೈಹಿಕ ಅಥವಾ ಲೈಂಗಿಕ ಹಿಂಸೆಗೆ, ಇಲ್ಲವೇ ಬೇರೊಬ್ಬರ ಲೈಂಗಿಕ ಹಿಂಸೆಗೆ ಒಳಗಾದವರು ಜಗತ್ತಿನ ಮಹಿಳೆಯರಲ್ಲಿ ಸುಮಾರು ಮೂವರಿಗೆ ಒಬ್ಬರು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜು ಹೇಳುತ್ತದೆ. ಅವರಲ್ಲಿ ಓದಿದವರು, ದುಡಿಯುವವರು, ದೊಡ್ಡ ಹುದ್ದೆಯಲ್ಲಿರುವವರು ಎಲ್ಲರೂ ಇದ್ದಾರೆ.

ಅವಳೇಕೆ ಹೊರಗೆ ಬರುತ್ತಿಲ್ಲ ಎಂಬ ಪ್ರಶ್ನೆಯನ್ನು ಅವಳೆದುರು ಮಾತ್ರ ಎತ್ತಬೇಡಿ. ಕೈಯಲ್ಲಿ ಹಣವಿಲ್ಲ, ಮಗುವನ್ನು ಕಿತ್ತುಕೊಳ್ಳುವರೆಂಬ ಭಯವಿದೆ, ಅತ್ತು ಕ್ಷಮೆ ಕೇಳಿದ ಮನುಷ್ಯನ ಮೇಲೆ ಇನ್ನೂ ಮಮತೆಯಿದೆ, ತವರಿನಲ್ಲಿ "ಹೊಂದಿಕೋ" ಎಂಬ ಉತ್ತರ ಸಿದ್ಧವಾಗಿದೆ. ಇವೆಲ್ಲಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ: ಬಿಟ್ಟುಹೋಗುವ ಹೊತ್ತು ಮತ್ತು ಅದರ ನಂತರದ ಕೆಲವು ತಿಂಗಳುಗಳೇ ಅತ್ಯಂತ ಅಪಾಯದ ಕಾಲ, ಏಕೆಂದರೆ ಹಿಡಿತ ಕೈತಪ್ಪುತ್ತಿದೆ ಎಂದು ಅವನಿಗೆ ಅನ್ನಿಸುವುದು ಆಗಲೇ. 2023ರಲ್ಲಿ ಸಂಗಾತಿ ಅಥವಾ ಕುಟುಂಬದವರ ಕೈಯಲ್ಲೇ ಹತರಾದ ಮಹಿಳೆಯರು ಮತ್ತು ಹುಡುಗಿಯರ ಸಂಖ್ಯೆ ಸುಮಾರು 51,100 ಎಂದು ವಿಶ್ವಸಂಸ್ಥೆ ಅಂದಾಜಿಸಿದೆ. ಉಳಿದುಕೊಂಡಿರುವವಳು ಯೋಚನೆಯಿಲ್ಲದೆ ಉಳಿದಿದ್ದಾಳೆ ಎಂದು ದಯವಿಟ್ಟು ಭಾವಿಸಬೇಡಿ.

ಆದ್ದರಿಂದ ನೀವಾಗಲಿ ಅಣ್ಣನಾಗಲಿ ಭಾವನನ್ನು ಕೇಳಲು ಹೋಗಬೇಡಿ. ನೀವು ಆಡಿದ ಮಾತಿನ ಬೆಲೆಯನ್ನು ನೀವು ಹೊರಟುಹೋದ ಮೇಲೆ, ಬಾಗಿಲು ಹಾಕಿದ ಮನೆಯೊಳಗೆ, ತೆರಬೇಕಾದವಳು ಅಕ್ಕ.

ಅವಳೊಡನೆ ಮಾತನಾಡುವಾಗ ಕಡಿಮೆ ಹೇಳಿ, ಹೆಚ್ಚು ಕೇಳಿಸಿಕೊಳ್ಳಿ. "ನೀನು ಹೇಳಿದ್ದನ್ನು ನಂಬುತ್ತೇನೆ. ಇದರಲ್ಲಿ ನಿನ್ನ ತಪ್ಪಿಲ್ಲ. ನನಗೆ ನಿನ್ನ ಜೀವದ ಬಗ್ಗೆ ಭಯವಾಗುತ್ತಿದೆ. ಈಗ ನಿನಗೆ ನನ್ನಿಂದ ಏನಾಗಬೇಕು?" ಎಂಬಷ್ಟು ಸಾಕು. "ನೀನು ಅಂಥದ್ದೇನು ಅಂದೆ?" ಎಂದು ಕೇಳಿದ ಕ್ಷಣವೇ ಹೊಣೆ ಅವಳ ತಲೆಗೆ ಬರುತ್ತದೆ. "ಇವತ್ತೇ ಬಿಟ್ಟು ಬಾ, ಇಲ್ಲದಿದ್ದರೆ ನನ್ನ ಹತ್ತಿರ ಹೇಳಿಕೊಳ್ಳಬೇಡ" ಎಂಬ ಮಾತು ಪ್ರೀತಿಯಿಂದಲೇ ಬಂದರೂ, ಅವಳಿಗೆ ಕೇಳಿಸುವುದು ಮನೆಯಲ್ಲಿ ದಿನವೂ ಕೇಳುವ ಅಪ್ಪಣೆಯ ಧಾಟಿಯೇ. ನಿರ್ಧಾರ ಅವಳದಾಗಿರಬೇಕು. ಜೀವಕ್ಕೆ ತಕ್ಷಣದ ಅಪಾಯವಿದ್ದಾಗ, ಅಥವಾ ಮಗುವಿನ ಮೇಲೆ ಕೈಮಾಡುತ್ತಿದ್ದಾಗ ಮಾತ್ರ ಅವಳ ಒಪ್ಪಿಗೆಗೆ ಕಾಯದೆ ಪೊಲೀಸರನ್ನು ಕರೆಯಿರಿ.

ಉತ್ತರ 3: ಹಿರಿಯ ಓದುಗ

ಸಮಾಲೋಚಕಿಯವರ ಅನುಭವವನ್ನು ಗೌರವಿಸುತ್ತಲೇ ಒಂದು ಮಾತು ಕೇಳುತ್ತೇನೆ. ಇಬ್ಬರನ್ನೂ ಎದುರುಬದುರು ಕೂರಿಸಿ, ಎರಡೂ ಕಡೆಯ ಹಿರಿಯರ ಸಮ್ಮುಖದಲ್ಲಿ ಅಥವಾ ದಂಪತಿ ಸಮಾಲೋಚನೆಯಲ್ಲಿ, ಆ ಹುಡುಗನ ಸಿಟ್ಟಿಗೆ ಕಾರಣವೇನೆಂದು ಬಿಡಿಸಿ ನೋಡಬಾರದೇ? ಅವನು ಅತ್ತಿದ್ದಾನೆ ಎಂದರೆ ಪಶ್ಚಾತ್ತಾಪವಿದೆ ಎಂದಲ್ಲವೇ? ಹೀಗೆ ಕೂತು ಮಾತನಾಡಿ ಸರಿಹೋದ ಸಂಸಾರಗಳನ್ನು ನಾನು ನೋಡಿದ್ದೇನೆ.

ಉತ್ತರ 4: ಹೊರಬಂದವಳು

ಹಿರಿಯರೇ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅಂತಹ ಪಂಚಾಯಿತಿಯಲ್ಲಿ ನಾನು ಕುಳಿತಿದ್ದೇನೆ. ನನ್ನ ಗಂಡ ಎಲ್ಲರೆದುರು ಕೈಮುಗಿದು, ತಲೆ ತಗ್ಗಿಸಿ, ನನ್ನದೇ ತಪ್ಪು ಎಂದ. ನನ್ನನ್ನು ಮಾತನಾಡಲು ಹೇಳಿದಾಗ ನಾನು ಏನು ಹೇಳಬಹುದಿತ್ತು? ಆಡಿದ ಪ್ರತಿ ಮಾತಿಗೂ ಸಂಜೆ ಲೆಕ್ಕ ಒಪ್ಪಿಸಬೇಕಿತ್ತು. ನಾನು ಸುಮ್ಮನಿದ್ದುದನ್ನು ಹಿರಿಯರು ಒಪ್ಪಿಗೆಯೆಂದು ತಿಳಿದು, ಸಮಸ್ಯೆ ಬಗೆಹರಿಯಿತೆಂದು ಎದ್ದು ಹೋದರು.

ಸಿಟ್ಟಿನ ವಿಷಯಕ್ಕೆ ಬಂದರೆ, ಅವನಿಗೆ ಹಿಡಿತ ತಪ್ಪುವ ಸಿಟ್ಟು ಇರಲೇ ಇಲ್ಲ. ಮೇಲಧಿಕಾರಿ ಫೋನಿನಲ್ಲಿ ಬೈದರೆ "ಆಗಲಿ ಸರ್" ಎನ್ನುತ್ತಿದ್ದ. ಹೊಡೆಯುವಾಗ ತೋಳು ತುಂಬ ಬಟ್ಟೆ ತೊಟ್ಟರೆ ಕಾಣದಂಥ ಜಾಗವನ್ನೇ ನೋಡಿ ಹೊಡೆಯುತ್ತಿದ್ದ. ನಡುವೆ ಕರೆಗಂಟೆ ಬಾರಿಸಿದರೆ ನಗುಮುಖದಿಂದ ಹೋಗಿ ಬಾಗಿಲು ತೆರೆಯುತ್ತಿದ್ದ. ಅವನ ಅಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅತ್ತ ಮೇಲೆ ಅವನು ಎಟಿಎಂ ಕಾರ್ಡನ್ನು ನನಗೆ ಹಿಂತಿರುಗಿಸಲಿಲ್ಲ.

ಪ್ರಶ್ನೆ ಕೇಳಿದವರಿಗೆ: ನಾನು ಹೊರಬರುವುದಕ್ಕೆ ನೆರವಾದವಳು ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿ. ಅವಳು ನನಗೆ ಬುದ್ಧಿ ಹೇಳಲಿಲ್ಲ. ಎರಡು ಸಲ ನಾನು ಮನೆಬಿಟ್ಟು ಮತ್ತೆ ಅವನ ಹತ್ತಿರವೇ ಹೋದಾಗಲೂ ಮುಖ ತಿರುಗಿಸಲಿಲ್ಲ. ನನ್ನ ಗುರುತಿನ ಚೀಟಿ, ಬ್ಯಾಂಕಿನ ಕಾಗದಗಳು ಮತ್ತು ಅಂಕಪಟ್ಟಿಗಳ ನಕಲು, ಮಗುವಿನ ಜನನ ಪ್ರಮಾಣಪತ್ರ, ಒಂದು ಜೊತೆ ಬಟ್ಟೆ, ಸ್ವಲ್ಪ ಹಣ ಇವೆಲ್ಲವೂ ಅವಳ ಮನೆಯ ಬೀರುವಿನಲ್ಲಿದ್ದವು. ನಾನು ಒಂದೊಂದಾಗಿ, ಒಂದು ಕಾಗದ ಕಾಣೆಯಾದರೆ ಗೊತ್ತಾಗದಂತೆ ದಿನ ಬಿಟ್ಟು ದಿನ ಕೊಂಡೊಯ್ದು ಕೊಟ್ಟಿದ್ದೆ. ಕೊನೆಗೆ ಹೊರಟ ದಿನ ನನ್ನ ಕೈಯಲ್ಲಿದ್ದದ್ದು ಮಗು ಮತ್ತು ದಿನವೂ ಒಯ್ಯುವ ಚೀಲ ಮಾತ್ರ.

ಉತ್ತರ 5: ಆಪ್ತಸಮಾಲೋಚಕಿ

ಹಿರಿಯರ ಮಾತಿಗೆ ನನ್ನದೂ ಒಂದು ಸೇರ್ಪಡೆಯಿದೆ. ಅವರು ನೋಡಿದ್ದಾರೆಂದು ಹೇಳುವ ಸಂಸಾರಗಳು ನಿಜವೇ ಇರಬಹುದು. ಜಗಳ ಮಿತಿಮೀರಿ ಇಬ್ಬರೂ ಕೈಮಾಡಿಕೊಳ್ಳುವ, ಆದರೆ ಒಬ್ಬರಿಗೊಬ್ಬರು ಹೆದರಿ ಬದುಕದ ದಾಂಪತ್ಯಗಳಿವೆ. ಸಂಶೋಧಕರೂ ಅವನ್ನು ನಿಯಂತ್ರಣದ ಹಿಂಸೆಯಿಂದ ಬೇರ್ಪಡಿಸಿಯೇ ನೋಡುತ್ತಾರೆ. ಅಲ್ಲಿ ಜಂಟಿ ಸಮಾಲೋಚನೆಯಿಂದ ಪ್ರಯೋಜನವಾಗಬಹುದು. ಎರಡನ್ನೂ ಬೇರ್ಪಡಿಸಲು ನಾನು ಮೊದಲು ನೋಡುವುದು ಏಟಿನ ಲೆಕ್ಕವನ್ನಲ್ಲ, ಭಯ ಯಾರಿಗಿದೆ ಎಂಬುದನ್ನು: ಒಬ್ಬರು ಬಂದ ಸದ್ದು ಕೇಳಿದರೆ ಇನ್ನೊಬ್ಬರ ಮಾತು ನಿಲ್ಲುತ್ತದೆಯೇ? ಈ ಅಕ್ಕನ ಮಾತು ಫೋನಿನ ಸ್ಪೀಕರ್ ಹಾಕಿದರೇ ನಿಲ್ಲುತ್ತದೆ. ಇಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸುವುದು ಸುರಕ್ಷಿತವಲ್ಲ. ಆ ಮನುಷ್ಯ ನಿಜವಾಗಿ ಬದಲಾಗಬೇಕೆಂದಿದ್ದರೆ, ಹಿಂಸೆ ಎಸಗುವವರಿಗೆಂದೇ ನಡೆಯುವ ದೀರ್ಘಾವಧಿಯ ಕಾರ್ಯಕ್ರಮಗಳಿಗೆ ಒಬ್ಬನೇ ಹೋಗಿ, ತನ್ನ ಕೃತ್ಯದ ಹೊಣೆಯನ್ನು ತಾನೇ ಹೊರುವುದನ್ನು ಕಲಿಯಬೇಕು.

ಉತ್ತರ 6: ಹೆಸರು ಬೇಡ

ನಾನು ಗಂಡಸು. ರಸೀದಿ ಕಳುಹಿಸುವುದು, ಫೋನ್ ಪರಿಶೀಲಿಸುವುದು, ಸ್ನೇಹಿತರನ್ನು ಬಿಡಿಸುವುದು, ಎಸೆದ ಪಾತ್ರೆ, ಇವೆಲ್ಲ ನನ್ನ ಮನೆಯಲ್ಲೂ ಇವೆ, ಆದರೆ ನನ್ನ ಮೇಲೆ. ಹೇಳಿಕೊಂಡರೆ ನಗುತ್ತಾರೆ. ಮೇಲೆ ಬರೆದಿರುವುದು ನನಗೂ ಅನ್ವಯಿಸುತ್ತದೆಯೇ?

ಉತ್ತರ 7: ಆಪ್ತಸಮಾಲೋಚಕಿ

ಅನ್ವಯಿಸುತ್ತದೆ. ಕೊಲೆ ಮತ್ತು ತೀವ್ರ ಗಾಯಗಳ ಭಾರ ಮಹಿಳೆಯರ ಮೇಲೆ ಹೆಚ್ಚು ಬೀಳುತ್ತದೆ ಎಂಬುದು ಸತ್ಯ. ಅದರಿಂದ ನಿಮ್ಮ ಭಯ ಸುಳ್ಳಾಗುವುದಿಲ್ಲ. ಗಂಡಸರು, ಸಲಿಂಗಿ ಸಂಗಾತಿಗಳು, ಮಕ್ಕಳ ಕೈಯಲ್ಲಿ ನೋಯುವ ವೃದ್ಧ ತಂದೆತಾಯಿಯರು ಎಲ್ಲರೂ ನೆರವಿಗೆ ಅರ್ಹರು. ನಿಮ್ಮನ್ನು ನೋಡಿ ನಗದೆ ಕೇಳಿಸಿಕೊಳ್ಳುವ ಒಬ್ಬ ವೈದ್ಯರನ್ನೋ ಸಮಾಲೋಚಕರನ್ನೋ ಹುಡುಕಿಕೊಳ್ಳಿ, ನಡೆದದ್ದನ್ನು ದಿನಾಂಕದೊಡನೆ ಬರೆದು ಮನೆಯಿಂದ ಹೊರಗೆ ಇಡಿ. ಪ್ರತ್ಯೇಕವಾಗಿ ಒಂದು ಪ್ರಶ್ನೆ ಹಾಕಿದರೆ ವಿವರವಾಗಿ ಬರೆಯುತ್ತೇನೆ.

ಪ್ರಶ್ನೆ ಕೇಳಿದವರು: ಕಿರಿಯ ತಂಗಿ

ಎಲ್ಲರಿಗೂ ಕೃತಜ್ಞತೆ. ವೈದ್ಯರ ಉತ್ತರ ಓದಿದ ಕೂಡಲೇ, ನನ್ನ ಆರೋಗ್ಯ ತಪಾಸಣೆಗೆ ಜೊತೆಗೆ ಬಾ ಎಂಬ ನೆಪ ಹೇಳಿ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದೆ. ಸ್ಕ್ಯಾನ್‌ನಲ್ಲಿ ರಕ್ತನಾಳಕ್ಕೆ ಹಾನಿ ಕಂಡುಬಂದಿಲ್ಲ. ಧ್ವನಿಪೆಟ್ಟಿಗೆಯ ಸುತ್ತ ಊತವಿದೆ, ವಾಸಿಯಾಗುತ್ತದೆ ಎಂದಿದ್ದಾರೆ. ವೈದ್ಯರು ನನ್ನನ್ನು ಹೊರಗೆ ಕಳುಹಿಸಿ ಅವಳೊಬ್ಬಳೊಡನೆಯೇ ಬಹಳ ಹೊತ್ತು ಮಾತನಾಡಿದರು. ಹೊರಗೆ ಬಂದ ಮೇಲೆ ಅವಳೇ, "ಎರಡು ಸಲ ಆಗಿದೆ" ಎಂದಳು. ಈಗಲೇ ಮನೆ ಬಿಡುವುದಿಲ್ಲವಂತೆ, ಆದರೆ ಕಾಗದಪತ್ರ ನನ್ನ ಬಳಿ ಇಡಲು ಒಪ್ಪಿದ್ದಾಳೆ.

ಎರಡು ವಿಷಯ ಕೇಳಬೇಕಿದೆ. ಅವಳ ಫೋನಿನ ಲೊಕೇಷನ್ ಭಾವನಿಗೆ ಕಾಣುತ್ತದೆ, ಅದನ್ನು ತೆಗೆದುಹಾಕಲೇ? ಮತ್ತು ಅಮ್ಮ ಮಗುವಿನ ಮುಖ ನೋಡು ಎನ್ನುವುದಕ್ಕೆ ನಾನು ಏನು ಹೇಳಲಿ?

ಉತ್ತರ 8: ಆಪ್ತಸಮಾಲೋಚಕಿ

ಲೊಕೇಷನ್ ಅನ್ನು ಈಗ ಮುಟ್ಟಬೇಡಿ. ದಿನವೂ ಕಾಣುತ್ತಿದ್ದುದು ಇದ್ದಕ್ಕಿದ್ದಂತೆ ಮಾಯವಾದರೆ ಅವನಿಗೆ ಅನುಮಾನ ಬರುತ್ತದೆ, ಮತ್ತು ಆ ಅನುಮಾನವನ್ನು ಎದುರಿಸುವವಳು ಅವಳು. ಸಹಾಯವಾಣಿಗೆ, ವಕೀಲರಿಗೆ, ಸಮಾಲೋಚಕರಿಗೆ ಮಾಡುವ ಕರೆಗಳು ನಿಮ್ಮ ಫೋನಿನಿಂದಲೋ ಅವಳ ಕೆಲಸದ ಜಾಗದ ಫೋನಿನಿಂದಲೋ ಹೋಗಲಿ. ಅವಳ ಹೆಸರಿನಲ್ಲಿ ಹೊಸ ಇಮೇಲ್ ತೆರೆದರೆ ನಿಮ್ಮ ಸಾಧನದಲ್ಲೇ ತೆರೆಯಿರಿ. ಗಾಯದ ಫೋಟೊಗಳು ಮತ್ತು ಆಸ್ಪತ್ರೆಯ ದಾಖಲೆಗಳು ಅಲ್ಲಿರಲಿ. ಈ ಪುಟವನ್ನೂ ಅವಳು ತನ್ನ ಫೋನಿನಲ್ಲಿ ಓದುವುದು ಬೇಡ. ಹೊರಡುವ ದಿನ ಬಂದರೆ ಆ ಫೋನನ್ನು ಮನೆಯಲ್ಲೇ ಬಿಡಬೇಕೇ, ಪಾಸ್‌ವರ್ಡ್‌ಗಳನ್ನು ಯಾವಾಗ ಬದಲಿಸಬೇಕು ಎಂಬುದನ್ನು ಸಹಾಯವಾಣಿಯವರೊಡನೆ ಕೂತು ಮೊದಲೇ ಗೊತ್ತುಮಾಡಿಕೊಳ್ಳಿ.

ತಾಯಿಯವರಿಗೆ ಹೀಗೆ ಹೇಳಿ ನೋಡಿ: ಮಗುವಿನ ಮುಖ ನೋಡಿಯೇ ನಾವು ಈ ಮಾತು ಆಡುತ್ತಿದ್ದೇವೆ. ಪಕ್ಕದ ಕೋಣೆಯಲ್ಲಿ ಮಲಗಿರುವ ಮಗುವಿಗೂ ಗೋಡೆಯಾಚೆಯದು ಕೇಳಿಸುತ್ತದೆ; ನಿದ್ದೆಗೆಡುವುದು, ಹಾಸಿಗೆಯಲ್ಲಿ ಮೂತ್ರ ಮಾಡುವುದು, ಅಮ್ಮನನ್ನು ಬಿಟ್ಟು ಶಾಲೆಗೆ ಹೋಗುವುದಿಲ್ಲವೆಂದು ಹಟಮಾಡುವುದು ಹಲವು ಸಲ ಅದರ ಫಲವಾಗಿರುತ್ತದೆ. ಹಿಂಸೆಯನ್ನು ನೋಡುವ ಅಥವಾ ಕೇಳುವ ಮಗುವೂ ಸ್ವತಃ ಸಂತ್ರಸ್ತ ಎಂದು ಇಂಗ್ಲೆಂಡ್ ಮತ್ತು ವೇಲ್ಸ್ 2021ರ ಕಾಯ್ದೆಯಲ್ಲೇ ಬರೆದುಕೊಂಡಿವೆ. ತಾಯಿಯವರನ್ನು ದೂರ ಮಾಡಿಕೊಳ್ಳಬೇಡಿ. ಮುಂದೆ ಅಕ್ಕನಿಗೆ ಮಲಗಲು ಒಂದು ಜಾಗ ಬೇಕಾದಾಗ ಅವರ ಮನೆಯ ಬಾಗಿಲು ತೆರೆದಿರುವುದು ಮುಖ್ಯ.

ಇನ್ನು ಅಕ್ಕನೊಡನೆ ಈ ವಾರವೇ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳಿ. ಸ್ಪೀಕರ್‌ನಲ್ಲಿ ಯಾರು ಕೇಳಿದರೂ ಸಹಜವೆನಿಸುವಂಥದ್ದಾಗಿರಲಿ, "ನನ್ನ ಹಳೆಯ ಹಸಿರು ಫೈಲ್ ನಿನ್ನ ಹತ್ತಿರ ಇದೆಯಾ?" ಎಂಬಂತೆ. ಅದನ್ನು ಕೇಳಿದರೆ ನೀವು ಏನು ಮಾಡಬೇಕೆಂಬುದನ್ನು ಅವಳೇ ಹೇಳಲಿ: ಪೊಲೀಸರನ್ನು ಕರೆಯಬೇಕೇ, ಮನೆಗೆ ಬರಬೇಕೇ, ಶಾಲೆಯಿಂದ ಮಗುವನ್ನು ಕರೆದೊಯ್ಯಬೇಕೇ. ಜಗಳ ಏರುತ್ತಿದೆ ಎನ್ನಿಸಿದಾಗ ಅಡುಗೆಮನೆ, ಸ್ನಾನದ ಮನೆಗಳಂಥ ಜಾಗಗಳನ್ನು ಬಿಟ್ಟು, ಹೊರಬಾಗಿಲಿಗೆ ಹತ್ತಿರವಿರುವ ಕಡೆ ನಿಲ್ಲಲು ಹೇಳಿ. ಕತ್ತಿಗೆ ಮತ್ತೊಮ್ಮೆ ಕೈ ಬಿದ್ದರೆ, ಅಥವಾ ಕೊಲ್ಲುತ್ತೇನೆ ಎಂಬ ಮಾತು ಬಂದರೆ, ಆ ದಿನ ಅವಳು ಯಾವ ಮನೆಗೆ ಹೋಗಬೇಕು, ಯಾವ ದಾರಿಯಲ್ಲಿ ಹೋಗಬೇಕು, ಮಗುವನ್ನು ಯಾರು ಎತ್ತಿಕೊಳ್ಳಬೇಕು ಎಂಬುದು ನಿಮ್ಮಿಬ್ಬರಿಗೂ ಈಗಲೇ ಗೊತ್ತಿರಲಿ.